ಜಪ್ತಿಯಾದ ಅಂಬಾಸಿಡರ್

ಗಾಲಿಯ ಕೆಳಗೆ ಸಿಕ್ಕು ನಿಂಬೆಹಣ್ಣು ಒಡೆದಾಗ ಒಂದು ವಾಸನೆ ಬರುತ್ತದೆ. ಹುಳಿ, ಮಣ್ಣು, ರಬ್ಬರು ಮೂರೂ ಕಲೆತ ವಾಸನೆ. ಈ ಸಲದ ಆಯುಧಪೂಜೆಯ ದಿನ ಎದುರು ಮನೆಯವರು ತಮ್ಮ ಹೊಸ ಕಾರನ್ನು ನಾಲ್ಕು ನಿಂಬೆಹಣ್ಣಿನ ಮೇಲೆ ಹಾಯಿಸಿದರು. ಹರಪನಹಳ್ಳಿಯ ನಮ್ಮ ಮನೆಯ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದ ನಾನು ಎದ್ದು ಒಳಗೆ ಹೋಗಿಬಿಟ್ಟೆ. ನನ್ನ ಹೆಂಡತಿ ನಕ್ಕಳು. ಈ ಹಬ್ಬ ಬಂತೆಂದರೆ ನಾನು ಹೀಗೆ ಒಳಗೆ ಸೇರಿಕೊಳ್ಳುವುದನ್ನು ಅವಳು ಮದುವೆಯಾದಾಗಿನಿಂದ ನೋಡುತ್ತಿದ್ದಾಳೆ. ಯಾಕೆ ಎಂಬುದು ಮಾತ್ರ ಗೊತ್ತಿಲ್ಲ. ನಾನು ಅವಳಿಗೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಕೊಟ್ಟೂರಿನ ಅಂಚೆ ಕಚೇರಿಯಲ್ಲಿ ನಾನು ಗುಮಾಸ್ತನಾಗಿ ಸೇರಿದ್ದೆ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ನಮ್ಮ ಮನೆತನದಲ್ಲಿ ಸರ್ಕಾರಿ ಸಂಬಳ ಕಂಡವನು ನಾನೇ ಮೊದಲು, ಊರಲ್ಲಿ ಅಪ್ಪ, ಅವ್ವ, ಇಬ್ಬರು ತಂಗಿಯರು ಆ ಒಂದು ಆರ್ಡರಿಗೆ ಕಾದು ಕೂತಿದ್ದರು. ಮೊದಲೇ ನಾನು ಹುಟ್ಟಾ ಪುಕ್ಕಲ. ಎಲ್ಲಿ ಯಾವ ತಪ್ಪು ನನ್ನ ಹೆಸರಿನ ಮುಂದೆ ಬಿದ್ದುಬಿಡುತ್ತದೋ ಎಂದು ಸೈಕಲ್ಲಿನ ದೀಪ ಕೆಟ್ಟರೆ ಸಂಜೆ ಹೊರಗೇ ಹೋಗುತ್ತಿರಲಿಲ್ಲ. ಕಚೇರಿಯಲ್ಲಿ ಯಾರಾದರೂ ನಕ್ಕರೂ ನನಗೇ ಏನೋ ಕಾದಿದೆ ಅನ್ನಿಸುತ್ತಿತ್ತು.

ನಾನು ಬಾಡಿಗೆಗಿದ್ದದ್ದು ಒಬ್ಬ ಸಾಹುಕಾರರ ಮನೆಯ ಅಂಗಳದ ಪಕ್ಕದ ಕೋಣೆಯಲ್ಲಿ. ಅವರದು ಶೇಂಗಾ ಎಣ್ಣೆಯ ಮಿಲ್ಲು. ಎತ್ತರದ ಆಳು, ಹಣೆಗೆ ಮೂರು ಬೆರಳಿನ ವಿಭೂತಿ, ಮಾತು ಕಮ್ಮಿ. ಅವರ ಹತ್ತಿರ ಹಾಲಿನ ಕೆನೆಯ ಬಣ್ಣದ ಅಂಬಾಸಿಡರ್ ಇತ್ತು. ಆ ಓಣಿಗೆ ಅದೊಂದೇ ಕಾರು. ಹೆಸರಿಗೆ ಸಾಹುಕಾರರದು, ಓಡಾಡುತ್ತಿದ್ದದ್ದೆಲ್ಲ ಓಣಿಯವರಿಗೆ. ಮದುಮಗನ ಮೆರವಣಿಗೆಗೆ ಅದೇ, ಹೆರಿಗೆ ನೋವು ಬಂದವರನ್ನು ದಾವಣಗೆರೆಗೆ ಒಯ್ಯಲಿಕ್ಕೂ ಅದೇ. ಯಾರು ಬಂದು ಕೇಳಿದರೂ ಅವರು ಅಂಗಿ ತೊಟ್ಟು ತಾವೇ ಸ್ಟೇರಿಂಗಿಗೆ ಕೂಡುತ್ತಿದ್ದರು. ನನಗೆ ಒಮ್ಮೆ ಜ್ವರ ಏರಿದಾಗ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಿದ್ದರು. ಆ ರೆಕ್ಸಿನ್ ಸೀಟು ಬೆನ್ನಿಗೆ ತಣ್ಣಗೆ ಹತ್ತಿದ್ದು ಇನ್ನೂ ನೆನಪಿದೆ...

ಅವರು ದಿವಾಳಿಯಾದರು. ಹೇಗೆ, ಎಷ್ಟು ಎಂಬುದು ನನಗೆ ಪೂರ್ತಿ ತಿಳಿಯದು, ಎರಡು ವರ್ಷ ಎಣ್ಣೆ ಧಾರಣೆ ಕೈಕೊಟ್ಟಿತು ಎನ್ನುತ್ತಿದ್ದರು. ಊರು ಮಾತಾಡಿಕೊಂಡದ್ದು ಬೇರೆ ವಿಷಯ. ದಿವಾಳಿ ಅರ್ಜಿ ಹಾಕುವ ಮೊದಲು ಹೊಲವನ್ನು ಭಾವಮೈದುನನ ಹೆಸರಿಗೆ, ಬಂಗಾರವನ್ನು ಹೆಂಡತಿಯ ತವರಿಗೆ ದಾಟಿಸುವುದು ಆಗ ನಡೆದುಬಂದ ಪದ್ಧತಿ. ಇವರು ಹಾಗೆ ಮಾಡಲಿಲ್ಲ. ಇದ್ದದ್ದನ್ನೆಲ್ಲ, ಪೂಜೆಯ ಬೆಳ್ಳಿ ತಟ್ಟೆಯನ್ನೂ ಸೇರಿಸಿ, ತಾವೇ ಬರೆದು ಕೋರ್ಟಿಗೆ ಕೊಟ್ಟರು. ಮುಳುಗಿದ್ದು ಖರೆ, ಆದರೆ ಏನೂ ಮುಚ್ಚಿಡಲಿಲ್ಲ ಎಂದು ಸಾಲ ಕೊಟ್ಟವರೇ ಹೇಳುತ್ತಿದ್ದರು. ಆ ಮಾತಿನ ಬಲದ ಮೇಲೆಯೇ ಹರಪನಹಳ್ಳಿಯ ಒಬ್ಬ ವ್ಯಾಪಾರಸ್ಥರು, ದೀಪಾವಳಿಯಿಂದ ನಮ್ಮ ಅಂಗಡಿಯ ಲೆಕ್ಕ ಬರೆಯಲು ಬನ್ನಿ ಎಂದು ಹೇಳಿ ಕಳಿಸಿದ್ದರು. ಇನ್ನೊಬ್ಬರ ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವುದಕ್ಕೆ ಸಾಹುಕಾರರು ಬೇಸರ ಮಾಡಿಕೊಳ್ಳಲಿಲ್ಲ. ಗಂಡ ಹೆಂಡತಿ ಇಬ್ಬರ ಹೊಟ್ಟೆಗೆ ಅದೊಂದೇ ದಾರಿ ಉಳಿದಿತ್ತು.

ದಿವಾಳಿಯಾದವರ ಕಾರನ್ನು ಅವತ್ತೇ ಒಯ್ದುಬಿಡುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಕೋರ್ಟಿನ ಅಮೀನರು ಅಂಗಳದಲ್ಲಿ ನಿಂತು ಜಪ್ತಿಯ ಪಟ್ಟಿ ಬರೆಸುತ್ತಿದ್ದರು. ಗಾಲಿ ಐದು, ವೈಪರ್ ಎರಡು, ಹಾರ್ನ್ ಒಂದು, ನಿಂತುಹೋದ ಗಡಿಯಾರ ಒಂದು... ಬಾನೆಟ್ಟಿನ ಮೇಲೆ ಸಹಿ ಮಾಡಿದ ಕಾಗದ ಅಂಟಿಸಿ ಅರಗಿನ ಮೊಹರು ಒತ್ತಿದರು. ಕಾರು ಒಯ್ದು ಇಡಲು ಅವರಿಗೆ ಜಾಗವಿಲ್ಲ. ಆದ್ದರಿಂದ ಹರಾಜಾಗುವವರೆಗೆ ಅದು ಇದ್ದಲ್ಲೇ ಇರಬೇಕು, ಆದರೆ ಅದರ ಜಿಮ್ಮೆಯನ್ನು ಮನೆಯವರಲ್ಲದ ಒಬ್ಬರು ಹೊತ್ತು ರುಜು ಹಾಕಬೇಕು. ಅಮೀನರು ತಲೆ ಎತ್ತಿ ನೋಡುವಷ್ಟರಲ್ಲಿ ಓಣಿಯ ಗಂಡಸರೆಲ್ಲ ಮಾಯ. ಉಳಿದವನು ನಾನೊಬ್ಬ.

"ನೀವು ಸರ್ಕಾರಿ ನೌಕರರು, ಎಲ್ಲಿಗೂ ಓಡಿ ಹೋಗಂಗಿಲ್ಲ. ಇಲ್ಲಿ ರುಜು ಹಾಕ್ರಿ" ಎಂದರು. ಹಾಕಿದ ಮೇಲೆ ಕೀಲಿಕೈ ಕೊಡುತ್ತ ಹೇಳಿದರು, "ಇದ್ದ ಜಾಗ ಬಿಟ್ಟು ಗಾಲಿ ಅಲುಗಿದ್ರೂ ನಿಮ್ಮ ನೌಕರಿ ಮ್ಯಾಲ ಬರ್ತೈತಿ, ನೋಡ್ರಿ ಮತ್ತ."

ಸಾಹುಕಾರರ ಋಣಕ್ಕೆಂದು ರುಜು ಹಾಕಿದೆ ಎಂದರೆ ಅರ್ಧ ಸುಳ್ಳು. ಅಮೀನರಿಗೆ ಇಲ್ಲ ಅನ್ನಲು ಹೆದರಿ ಹಾಕಿದೆ.

ಅಂದಿನಿಂದ ನನ್ನ ನಿದ್ದೆ ಹಾರಿತು. ಬೆಳಿಗ್ಗೆ ಎದ್ದವನೇ ಗಾಲಿ ಎಣಿಸುವುದು, ವೈಪರ್ ಮುಟ್ಟಿ ನೋಡುವುದು. ಕಚೇರಿಯಲ್ಲಿ ಸ್ಟಾಂಪು ಹರಿಯುವಾಗಲೂ ಡಿಕ್ಕಿಯಲ್ಲಿರುವ ಐದನೆಯ ಗಾಲಿಯದೇ ಚಿಂತೆ. ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದೆ. ಸಾಹುಕಾರರು ಕಾರಿನ ಹತ್ತಿರ ಸುಳಿದರೆ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಅವರು ಏನೂ ಮಾಡುತ್ತಿರಲಿಲ್ಲ, ಹಳೇ ಪಂಚೆಯ ತುಂಡಿನಿಂದ ಗಾಜಿನ ಧೂಳು ಒರೆಸಿ ಒಳಗೆ ಹೋಗುತ್ತಿದ್ದರು. ಜ್ವರದಲ್ಲಿ ನನ್ನನ್ನು ಎತ್ತಿಕೊಂಡು ಹೋದವರ ಮೇಲೆ ನಾನು ಕಾವಲು ಕೂತಿದ್ದೆ. ಅದು ಅವರಿಗೂ ತಿಳಿದಿತ್ತು ಅಂತ ಕಾಣುತ್ತದೆ. ಕಾರಿನ ಹತ್ತಿರ ಹೋಗುವ ಮೊದಲು ಸಣ್ಣಗೆ ಕೆಮ್ಮುತ್ತಿದ್ದರು.

ಹೀಗೆ ನಾಲ್ಕೈದು ತಿಂಗಳು ಕಾರು ನಿಂತಿತು. ಟೈರು ಚಪ್ಪಟೆಯಾಗಬಾರದೆಂದು ಸಾಹುಕಾರರು ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಿದ್ದರು, ಅದಕ್ಕೂ ನನ್ನನ್ನು ಕೇಳಿಯೇ. ಹರಾಜಿನ ದಿನ ಗೊತ್ತಾಯಿತು. ಅದಕ್ಕೆ ಎಂಟು ದಿನ ಮೊದಲು ಆಯುಧಪೂಜೆ ಬಂತು.

ಹಬ್ಬದ ಬೆಳಿಗ್ಗೆ ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೆಮ್ಮಿದರು. ಆ ಕಾರು ಮನೆಗೆ ಬಂದಾಗಿನಿಂದ ಒಂದು ವರ್ಷವೂ ಪೂಜೆ ತಪ್ಪಿಲ್ಲ, ಇದು ಕೊನೆಯದು, ಹಾರ ಹಾಕಿ ನಿಂಬೆಹಣ್ಣಿನ ಮೇಲೆ ಒಂದು ಗೇಣು ಸರಿಸಿ ಮತ್ತೆ ಹಿಂದಕ್ಕೆ ನೂಕಿ ನಿಲ್ಲಿಸೋಣ ಎಂದು ಕೇಳಿದರು. ಎಂಜಿನ್ ಹಚ್ಚುವ ಮಾತೇ ಇರಲಿಲ್ಲ, ಬ್ಯಾಟರಿ ಎಂದೋ ಸತ್ತಿತ್ತು. ಅವರು ನನ್ನ ಹತ್ತಿರ ತಮಗಾಗಿ ಏನನ್ನಾದರೂ ಬೇಡಿದ್ದು ಅದೇ ಮೊದಲು. ಗೇಣು ಮಾತ್ರ ಎಂದು ನಾನು ಎರಡು ಸಲ ಹೇಳಿಸಿಕೊಂಡೆ. ಆಮೇಲೂ ಧೈರ್ಯ ಬರಲಿಲ್ಲ. ಇವರು ಸ್ಟೇರಿಂಗಿಗೆ ಕೂತರೆ, ಎಲ್ಲಾದರೂ ಹೊರಟುಬಿಟ್ಟರೆ... ಪೆಟ್ರೋಲಿಲ್ಲದ, ಬ್ಯಾಟರಿಯಿಲ್ಲದ ಕಾರು ಎಲ್ಲಿಗೆ ಹೋದೀತು ಎಂದು ಹೆದರಿದ ತಲೆಗೆ ಹೊಳೆಯಲಿಲ್ಲ. ಸೀಟಿನಲ್ಲಿ ನಾನೇ ಕೂಡುತ್ತೇನೆ ಎಂದೆ.

ಅವರು ನನ್ನ ಮುಖ ನೋಡಿದರು. "ಆತು, ನೀವೇ ಕುಂದರ್ರಿ" ಎಂದರು.

ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಬಾಗಿಲು ತೆಗೆದು ಕೂತೆ. ಅವರ ಹೆಂಡತಿ ಆರತಿ ಬೆಳಗಿದರು, ಸಾಹುಕಾರರು ಗಾಲಿಗೆ ಒತ್ತು ಕೊಟ್ಟಿದ್ದ ಕಲ್ಲು ತೆಗೆದು ನಿಂಬೆಹಣ್ಣು ಇಟ್ಟರು. ಹ್ಯಾಂಡ್‌ಬ್ರೇಕ್ ಯಾವುದೆಂದು ಕಿಟಕಿಯಿಂದ ತೋರಿಸಿ, ನಾನು ಹೇಳಿದಾಗ ತೆಗೀರಿ ಎಂದು ನೂಕಲು ಕಾರಿನ ಹಿಂಬದಿಗೆ ಹೋದರು. ಅವರು ಹೇಳುವ ತನಕ ನಾನು ಕಾಯಲಿಲ್ಲ. ಬೇಗ ಮುಗಿದರೆ ಸಾಕಾಗಿತ್ತು. ತೆಗೆದೆ.

ಆ ಅಂಗಳ ಓಣಿಯ ಕಡೆಗೆ ಇಳಿಜಾರು. ನಿಂಬೆಹಣ್ಣು ಪಚಕ್ಕೆಂದದ್ದು ಕೇಳಿತು. ಕಾರು ನಿಲ್ಲಲಿಲ್ಲ. ಸಾಹುಕಾರರು ಪಕ್ಕದಲ್ಲಿ ಓಡುತ್ತ ನಡುವಿನದನ್ನು ತುಳೀರಿ, ನಡುವಿನದು ಎನ್ನುತ್ತಿದ್ದರು, ನಾನು ಯಾವುದನ್ನು ತುಳಿದೆನೋ ದೇವರೇ ಬಲ್ಲ. ಗೇಟು ದಾಟಿ, ಓಣಿ ದಾಟಿ, ದನಗಳು ನೀರು ಕುಡಿಯುವ ಕಲ್ಲಿನ ದೋಣಿಗೆ ಹೋಗಿ ಬಡಿಯಿತು. ಒಂದು ಹೆಡ್‌ಲೈಟ್ ಪುಡಿಯಾಯಿತು. ಬಾನೆಟ್ಟು ಮಡಚಿಕೊಂಡು ಕೋರ್ಟಿನ ಕಾಗದ ಎರಡು ತುಂಡಾಯಿತು.

ನಾನು ಸ್ಟೇರಿಂಗ್ ಹಿಡಿದೇ ಕೂತಿದ್ದೆ. ನೌಕರಿ ಹೋಯಿತು ಎಂಬುದೊಂದೇ ತಲೆಯಲ್ಲಿ. ಅಪ್ಪನಿಗೆ ಏನೆಂದು ಕಾಗದ ಬರೆಯುವುದು... ಸಾಹುಕಾರರು ಬಾಗಿಲು ತೆಗೆದು ನನ್ನ ತೋಳು ಹಿಡಿದು ಹೊರಗೆ ಎಳೆದರು. "ಒಳಗ ನಡೀರಿ. ಹೊರಗ ಬರಬ್ಯಾಡ್ರಿ" ಎಂದು ಗೇಟಿನೊಳಕ್ಕೆ ದಬ್ಬಿದರು. ನಾನು ಗೋಡೆಯ ಮರೆಯಿಂದ ತಿರುಗಿ ನೋಡುವಷ್ಟರಲ್ಲಿ ಅವರು ಆ ಸೀಟಿನಲ್ಲಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು.

ಸದ್ದಿಗೆ ಮೊದಲು ಓಡಿ ಬಂದವನು ಎದುರಿನ ಹಿಟ್ಟಿನ ಗಿರಣಿಯವನು. ಅವನ ಹಿಂದೆ ಓಣಿಯೆಲ್ಲ ಬಂತು. ಗಿರಣಿಯವನು ಒಡೆದ ಮೊಹರು ನೋಡಿದ, ಅವರನ್ನು ನೋಡಿದ.

"ಕಾರು ತಗೊಂಡು ಹೊಂಟಿದ್ರೇನ್ರಿ ಸೌಕಾರ್ರ?"

"ಹೂಂ" ಎಂದರು ಅವರು.

ಮೂರನೆಯ ದಿನ ಅಮೀನರು ವಿಚಾರಣೆಗೆ ಬಂದರು. ಕೀಲಿಕೈ ನಿಮ್ಮ ಹತ್ತಿರ ಇರಬೇಕಿತ್ತಲ್ಲ ಎಂದು ಮೊದಲು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರರು, ಇವರು ಸ್ನಾನಕ್ಕೆ ಹೋದಾಗ ಕೋಣೆಯಿಂದ ನಾನೇ ಕದ್ದೆ, ಇವರಿಗೆ ಗೊತ್ತೇ ಇಲ್ಲ ಎಂದರು. ಖರೆ ಏನ್ರಿ ಎಂದು ಅಮೀನರು ನನ್ನ ಕಡೆ ತಿರುಗಿದರು. ಸಾಹುಕಾರರ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. ಆರತಿಯ ತಟ್ಟೆ ಹಿಡಿದು ಎಲ್ಲವನ್ನೂ ನೋಡಿದವರು. ನಾನು ನೆಲ ನೋಡುತ್ತ ಹೌದು ಎಂದೆ. ಬರೆದದ್ದಕ್ಕೆ ರುಜು ಹಾಕಿದೆ.

ಕೋರ್ಟು ಅವರನ್ನು ಕರೆಸಿ ನಿಲ್ಲಿಸಿ ಛೀಮಾರಿ ಹಾಕಿತು. ಜೈಲಿಗೇನೂ ಕಳಿಸಲಿಲ್ಲ. ಊರು ಮಾತ್ರ ಬಿಡಲಿಲ್ಲ. ಏನೂ ಮುಚ್ಚಿಡದ ಮನುಷ್ಯ ಎಂದಿದ್ದ ಬಾಯಿಗಳೇ, ಜಪ್ತಿ ಕಾರನ್ನು ಹಬ್ಬದ ಗದ್ದಲದಲ್ಲಿ ಹಾರಿಸಿಕೊಂಡು ಹೋಗಲು ನೋಡಿದ, ಇನ್ನೇನೇನು ಹಾರಿಸಿದ್ದಾನೋ ಎಂದವು. ಹರಪನಹಳ್ಳಿಯ ವ್ಯಾಪಾರಸ್ಥರು ಆಳಿನ ಕೈಯಲ್ಲಿ ಹೇಳಿ ಕಳಿಸಿದರು, ಸದ್ಯಕ್ಕೆ ಲೆಕ್ಕ ಬರೆಯಲು ಜನ ಬೇಕಾಗಿಲ್ಲವಂತೆ. ಸುದ್ದಿ ಕೇಳಿದ ಸಂಜೆ ನಾನು ತಡೆಯಲಾರದೆ ಅವರ ಹತ್ತಿರ ಹೋದೆ. ಕೋರ್ಟಿಗೆ ನಿಜ ಹೇಳಿಬಿಡುತ್ತೇನೆ ಎಂದೆ. ಅವರು ಬೇಡ ಅನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಲೂ ಇದ್ದೆ.

"ನನ್ನ ಹೆಸರು ಹೆಂಗೂ ಕೋರ್ಟಿನ ಕಾಗದದಾಗ ಬಂದೈತಿ" ಎಂದರು. "ನಿಮ್ಮದ್ಯಾಕ ಬರಬೇಕು. ಪೂಜಿ ಕೇಳಿದಾವ ನಾನು."

ಬೇಡ ಅಂದರಲ್ಲ ಎಂದು ನಾನು ಹಗುರಾಗಿ ಬಂದು ಮಲಗಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕಾರು ಹರಾಜಾಯಿತು. ಹಡಗಲಿ ಕಡೆಯ ಯಾರೋ ಟ್ಯಾಕ್ಸಿಗೆಂದು ಹಿಡಿದರು. ಒಂದೇ ಕಣ್ಣಿನ ಅಂಬಾಸಿಡರನ್ನು ಲಾರಿಯ ಹಿಂದೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಮನೆಯೂ ಹೋಯಿತು. ದೀಪಾವಳಿ ಕಳೆದ ಮೇಲೆ ಗಂಡ ಹೆಂಡತಿ ಚಿಗಟೇರಿಗೆ, ಹೆಂಡತಿಯ ತವರಿಗೆ ಹೊರಟರು. ನಾನು ಅವರ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದೆ. ನೌಕರಿ ಖಾಯಂ ಆತೇನು ಎಂದು ಕಿಟಕಿಯಿಂದ ಕೇಳಿದರು. ಆಗಿದೆ, ಮೊನ್ನೆ ಆರ್ಡರ್ ಬಂತು ಎಂದೆ. ಚಲೋ ಆತು ಎಂದು ನಕ್ಕರು. ಅವರ ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಿದ್ದರು. ಹಬ್ಬದ ದಿನದಿಂದ ಅವರು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

ನಾಲ್ಕು ವರ್ಷಕ್ಕೆ ಸಾಹುಕಾರರು ತೀರಿಕೊಂಡರು. ಓಣಿಯವರೊಬ್ಬರಿಗೆ ಬಂದ ಕಾರ್ಡು ವಿಂಗಡಿಸುವಾಗ ನನ್ನ ಕೈಗೇ ಸಿಕ್ಕಿತು. ಮಣ್ಣಿಗೆ ಹೋಗುವ ಹೊತ್ತು ಮೀರಿತ್ತು. ಮೀರಿರದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ... ಅವರ ಹೆಂಡತಿಯೂ ಆಮೇಲೆ ಬಹಳ ದಿನ ಉಳಿಯಲಿಲ್ಲ.

ಈ ಸಲದ ಆಯುಧಪೂಜೆ ಮುಗಿದು ಹದಿನೈದು ದಿನಕ್ಕೆ ಕೊಟ್ಟೂರಿನಲ್ಲಿ ಒಂದು ಮದುವೆ. ಮಂಟಪದಲ್ಲಿ ಆ ಗಿರಣಿಯವನು ಸಿಕ್ಕ. ಹಲ್ಲೆಲ್ಲ ಹೋಗಿವೆ, ಮಾತು ಮಾತ್ರ ಹಾಗೇ ಇದೆ. ಹೊರಗೆ ನಿಂತ ಕಾರುಗಳ ಸಾಲು ತೋರಿಸುತ್ತ, ನಮ್ಮ ಓಣಿಗೆ ಒಂದೇ ಕಾರಿತ್ತು, ಅದರ ಸಾಹುಕಾರ ಅದನ್ನು ಕೋರ್ಟಿನಿಂದಲೇ ಕದಿಯಲು ಹೋಗಿ ದೋಣಿಗೆ ಗುದ್ದಿದ ಎಂದು ಸುತ್ತ ಕೂತವರಿಗೆ ಕತೆ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ಅವನ ಮುಂದೆ ಹೋಗಿ ನಿಂತೆ. ಪೆನ್ಶನ್ ತಿನ್ನುವ ಮುದುಕ ನಾನು, ಇನ್ನು ನನ್ನಿಂದ ಯಾರೂ ಏನೂ ಕಸಿಯಲಾರರು. ಆದರೂ ಹೆದರುತ್ತಲೇ ಹೇಳಿದೆ.

"ಅವತ್ತು ಸೀಟಿನ್ಯಾಗ ಕುಂತಾವ ನಾನು. ಬ್ರೇಕ್ ತೆಗೆದಾವನೂ ನಾನ."

ನಗು ನಿಂತಿತು. ಗಿರಣಿಯವನು ನನ್ನ ಹೆಗಲ ಮೇಲೆ ಕೈ ಇಟ್ಟ.

"ಬಿಡ್ರಿ ಪೋಸ್ಟಿನವರ. ಸತ್ತಾವರ ಮಾನ ಉಳಿಸಾಕ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕ ಹತ್ತೀರಿ. ದೊಡ್ಡ ಮನಸು ನಿಮ್ದು. ನಾನ ಕಣ್ಣಾರೆ ನೋಡೀನಲ್ರಿ, ಸೌಕಾರನ ಕುಂತಿದ್ದ."

ಅಲ್ಲ, ನಿಜವಾಗಿಯೂ ನಾನೇ ಎಂದು ಮತ್ತೆರಡು ಸಲ ಹೇಳಿದೆ. ಹೇಳಿದಷ್ಟೂ ಅಲ್ಲಿದ್ದವರ ಮುಖದಲ್ಲಿ ನನ್ನ ಬಗ್ಗೆ ಗೌರವ ಹೆಚ್ಚುತ್ತ ಹೋಯಿತು. ಒಬ್ಬ ಹುಡುಗ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟ. ನಾನು ಹೇಳುವುದು ನಿಜ ಎನ್ನಲು ಜಗತ್ತಿನಲ್ಲಿ ಇದ್ದವರು ಆ ಗಂಡ ಹೆಂಡತಿ ಇಬ್ಬರೇ, ಇಬ್ಬರೂ ಇಲ್ಲ. ಅಷ್ಟರಲ್ಲಿ ಊಟಕ್ಕೆ ಕರೆದರು, ನನ್ನನ್ನು ಕೈ ಹಿಡಿದು ಮೊದಲನೇ ಪಂಕ್ತಿಯಲ್ಲಿ ಕೂಡಿಸಿದರು.