ಅಟ್ಲಾಂಟಾ ತಲುಪುವ ಮುಂಚೆ

ಕರಿಮೆಣಸಿಗಿಂತ ತುಸು ದಪ್ಪ, ಕಂದು ಬಣ್ಣ, ತುದಿಯಲ್ಲಿ ಒಣಗಿದ ಹೂವಿನ ಪುಟ್ಟ ಗುರುತು. ಹಳೆಯ ಚಳಿಕೋಟಿನ ಜೇಬಿನ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಆ ಕಾಳನ್ನು ಉಗುರಿನಿಂದ ಒತ್ತಿದೆ. ಲವಂಗ, ಚಕ್ಕೆ, ಮೆಣಸು ಮೂರೂ ಒಟ್ಟಿಗೆ ಘಮ್ಮೆಂದವು. ಜಮೈಕಾದವರು ಅದನ್ನು ಪಿಮೆಂಟೊ ಎನ್ನುತ್ತಾರೆ. ಕೆಮ್ಮು ಬಂದಾಗ ಕಚ್ಚಿಕೊಂಡಿರಲು ಪಕ್ಕದ ಮನೆಯ, ಜಮೈಕಾದ ಐವಿ ಆಂಟಿ ನನ್ನ ಜೇಬಿಗೆ ಹಾಕುತ್ತಿದ್ದ ಕಾಳುಗಳಲ್ಲಿ ಇದೊಂದು ಹೇಗೋ ಉಳಿದುಬಿಟ್ಟಿತ್ತು.

ಆಶ್‌ಬರ್ನ್‌ನಲ್ಲಿ ನಮ್ಮ ಟೌನ್‌ಹೌಸಿಗೂ ಅವರದಕ್ಕೂ ನಡುವೆ ಒಂದೇ ಗೋಡೆ. ಅಪ್ಪ ಅಮ್ಮ ಆಫೀಸಿನಿಂದ ಬರುವ ತನಕ ನಾನು ಬೆಳೆದದ್ದು ಆ ಗೋಡೆಯ ಆಚೆ. ಸ್ಕೂಲ್ ಬಸ್ಸಿನಿಂದ ಇಳಿದರೆ ಐವಿ ಆಂಟಿ ಚಪ್ಪಲಿ ಎಳೆಯುತ್ತಾ ಬಂದು ನಿಂತಿರುತ್ತಿದ್ದರು. ಒಳಗೆ ಹೋದರೆ ತೆಂಗಿನಹಾಲಿನಲ್ಲಿ ಅನ್ನ ಮತ್ತು ಕೆಂಪು ಕಾಳು ಬೇಯುವ ಹಬೆ, ಕಿಟಕಿಯ ಗಾಜಿನ ಮೇಲೆ ಬೆವರು. ನಾವು ಮಾಂಸ ತಿನ್ನುವವರಲ್ಲ ಎಂದು ತಿಳಿದ ದಿನವೇ ಅವರು ನನಗೆಂದು ಬೇರೆ ಪಾತ್ರೆ, ಬೇರೆ ಸೌಟು ಇಟ್ಟರು. ಸೌಟಿನ ಹಿಡಿಗೆ ಹಳದಿ ದಾರ ಸುತ್ತಿದ್ದರು. ಯಾರೂ ಕೇಳಿಕೊಂಡಿರಲಿಲ್ಲ. ಅವರು ಬೇಯಿಸುತ್ತಿದ್ದ ಕಲಲೂ ಎಂಬ ಸೊಪ್ಪನ್ನು ಕಂಡು ಅಮ್ಮ, ಇದು ನಮ್ಮ ದಂಟಿನ ಸೊಪ್ಪೇ ಅಲ್ಲವಾ ಎಂದು ಬೆರಗಾಗಿದ್ದಳು. ನನ್ನಿಂದ ಆಂಟಿ ಕಲಿತ ಕನ್ನಡ ಮೂರೇ ಮಾತು: ಬಾ, ಕೈ ತೊಳಿ, ಸಾಕು.

ಸಾಂಕ್ರಾಮಿಕದ ಆ ಚಳಿಗಾಲದಲ್ಲಿ ಅವರಿಗೂ ಕಾಯಿಲೆ ಬಂತು. ಜ್ವರ ಬಿಟ್ಟಿತು. ಹೋದ ವಾಸನೆ ಮತ್ತು ರುಚಿ ಮಾತ್ರ ವಾಪಸು ಬರಲಿಲ್ಲ, ಉಪ್ಪು ಕೂಡ ಗೊತ್ತಾಗುತ್ತಿರಲಿಲ್ಲ. ವಸಂತ ಬಂದಾಗಲೂ ಅವರು ಅನ್ನವನ್ನು ಬಿಸಿ ಬಟ್ಟೆ ಅಗಿದಂತೆ ಅಗಿಯುತ್ತಿದ್ದರು. ಒಂದು ಮಧ್ಯಾಹ್ನ ಅಮ್ಮ ಅವರ ಬಾಗಿಲು ತೆರೆದವಳು ಬೆಚ್ಚಿ ನಿಂತಳು. ಮನೆಯ ತುಂಬ ಗ್ಯಾಸ್ ವಾಸನೆ. ಒಲೆಯ ಗುಂಡಿ ತಿರುಗಿತ್ತು, ಉರಿ ಹತ್ತಿರಲಿಲ್ಲ. ಆಂಟಿ ಅದೇ ಅಡುಗೆಮನೆಯಲ್ಲಿ ಕುಳಿತು ಬಟಾಣಿ ಸುಲಿಯುತ್ತಿದ್ದರು.

ಅವರ ಮಗ ಡೆವನ್ ಅಟ್ಲಾಂಟಾದಲ್ಲಿ ನರ್ಸ್. ಇನ್ನು ಒಬ್ಬರೇ ಇರುವುದು ಬೇಡ, ಮನೆ ಮಾರಿ ನನ್ನ ಜೊತೆ ಬನ್ನಿ ಎಂದ. ಆಂಟಿ ಹಟ ಹಿಡಿದರು. ಕೊನೆಗೆ ತಾಯಿ ಮಗನ ನಡುವೆ ಒಂದು ಒಪ್ಪಂದವಾಯಿತು. ಬೇಸಿಗೆಯಲ್ಲಿ ಆಂಟಿ ನಮ್ಮ ಜೊತೆ ಅಟ್ಲಾಂಟಾಕ್ಕೆ ಹೊರಡಬೇಕು. ತಲುಪುವ ಮುಂಚೆ ಬಾಯಿಗೆ ಏನಾದರೂ ರುಚಿ ಹತ್ತಿದರೆ ನಮ್ಮ ಜೊತೆ ವಾಪಸು, ಇಲ್ಲದಿದ್ದರೆ ಅಲ್ಲೇ. ಹುಟ್ಟಿದ ನೆಲದ ರುಚಿಯನ್ನು ನಾಲಿಗೆ ಅಷ್ಟು ಸುಲಭಕ್ಕೆ ಮರೆಯುವುದಿಲ್ಲ ಎಂದು ಅಮ್ಮ ನಂಬಿದ್ದಳು. ದಾರಿಯುದ್ದಕ್ಕೂ ಎಲ್ಲೆಲ್ಲಿ ಜಮೈಕಾದ ಅಡುಗೆ ಸಿಗುತ್ತದೋ ಅಲ್ಲೆಲ್ಲ ನಿಲ್ಲಿಸೋಣ ಎಂದು ಅಪ್ಪ ರಜೆ ಹಾಕಿ ವ್ಯಾನಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಹೊರಟ. ನನಗೆ ಆಗ ಹದಿನಾರು.

ಮೊದಲು ನಿಂತದ್ದು ರಿಚ್‌ಮಂಡ್‌ನಲ್ಲಿ. ಹೊರಗೆ ಮರದ ಬೆಂಚಿನ ಮೇಲೆ ಮೇಕೆ ಮಾಂಸದ ಕರಿ ಬಿಚ್ಚಿಟ್ಟುಕೊಂಡು ಆಂಟಿ ತುತ್ತು ಎತ್ತಿದರು. ಕರಿದ ಬಾಳೆಹಣ್ಣು ಹಿಡಿದಿದ್ದ ನಾವು ಮೂವರೂ ತಿನ್ನುವುದು ಬಿಟ್ಟು ಅವರ ಮುಖ ನೋಡಿದೆವು. ನೀವು ಹೀಗೆ ಕಣ್ಣು ಬಿಟ್ಟರೆ ಈ ಮೇಕೆ ಎದ್ದು ಓಡಿಹೋಗುತ್ತದೆ ಎಂದು ಅವರು ತಮ್ಮ ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಆಮೇಲೆ ತಲೆ ಅಲ್ಲಾಡಿಸಿದರು. "ಇನ್ನೂ ಟೈಮ್ ಇದೆ ಬಿಡು," ಎಂದು ಅಪ್ಪ ಅಮ್ಮನಿಗೆ ಹೇಳಿದ. ರಾಲಿಯಲ್ಲಿ ಪ್ಯಾಟಿ ಎಂಬ ಮಾಂಸ ತುಂಬಿದ ಹಳದಿ ಕಡುಬು, ಶಾರ್ಲಟ್‌ನಲ್ಲಿ ಎತ್ತಿನ ಬಾಲದ ಮಾಂಸದ ಸಾರು. ಪ್ರತಿ ಕಡೆಯೂ ಅಮ್ಮ ಕಲಲೂ ಸೊಪ್ಪಿಗೆ ಮೀನು ಹಾಕಿದೆಯೇ ಎಂದು ವಿಚಾರಿಸಿ ನನಗೆ ಕೊಡಿಸುತ್ತಿದ್ದಳು. ಪ್ರತಿ ಕಡೆಯೂ ಆಂಟಿ ನನ್ನ ಕಡೆ ತಿರುಗಿ, ಹೇಗಿದೆ, ಹೇಳು ಎನ್ನುತ್ತಿದ್ದರು. ಥೈಮ್ ಸೊಪ್ಪು ಜಾಸ್ತಿಯಾಗಿದೆ, ತೆಂಗಿನಹಾಲು ಡಬ್ಬಿಯದು ಎಂದು ನಾನು ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಹೇಳುವುದೆಲ್ಲ ಸರಿಯಾಗಿತ್ತು, ಯಾವುದೂ ಅವರ ಬಾಯಿಯವರೆಗೆ ಹೋಗುತ್ತಿರಲಿಲ್ಲ. ದಕ್ಷಿಣ ಕ್ಯಾರೊಲೈನಾ ದಾಟುವಾಗ ಪೀಚ್ ತೋಟಗಳನ್ನು ನೋಡುತ್ತಾ ಕೂತಿದ್ದ ಅಮ್ಮ, ಸ್ವಲ್ಪ ನಿಧಾನ ಓಡಿಸಿ ಎಂದಳು. ಅಪ್ಪ ಆಗಲೇ ನಿಧಾನ ಮಾಡಿದ್ದ.

ಅಟ್ಲಾಂಟಾದ ಪೂರ್ವಕ್ಕಿದ್ದ ಕೊನೆಯ ಹೋಟೆಲಿಗೆ ಡೆವನ್ ಬಂದು ಕಾಯುತ್ತಿದ್ದ. ಆಂಟಿ ಅಡುಗೆಯವಳನ್ನು ಕರೆದು ಹಸಿ ಸ್ಕಾಚ್ ಬಾನೆಟ್ ಮೆಣಸಿನಕಾಯಿ ಕೇಳಿದರು, ಬೀಜ ತೆಗೆಯದೆ ಅರ್ಧ ಕಚ್ಚಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಹಣೆಯ ಮೇಲೆ ಬೆವರೊಡೆಯಿತು, ಕಣ್ಣಲ್ಲಿ ನೀರು ತುಂಬಿತು, ಅವರು ಬಾಯಿ ತೆರೆದು ಉಸಿರೆಳೆದರು. ಅಮ್ಮ ನನ್ನ ತೋಳು ಹಿಡಿದುಕೊಂಡಳು.

"ನೋಡ್ರೀ, ಖಾರ ಗೊತ್ತಾಗ್ತಿದೆ ಅವರಿಗೆ. ಖಾರ ರುಚಿ ಅಲ್ವಾ?"

"ಅದು ಉರಿ ಕಣೆ," ಎಂದ ಅಪ್ಪ ಮೆಲ್ಲಗೆ. "ಉರಿ ಬೇರೆ, ರುಚಿ ಬೇರೆ."

"ಹಂಗಾದ್ರೆ ಆರು ರುಚಿ ಅಂತ ಯಾಕೆ ಹೇಳ್ಕೊಟ್ರು ನಮಗೆ? ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಡೆವನ್‌ಗೆ ಹೇಳೇ ನೀನು. ನಿಂಗೆ ಇಂಗ್ಲಿಷ್ ಚೆನ್ನಾಗ್ ಬರತ್ತೆ."

ಮಾತು ಕಡಿಮೆಯ ನಾನು ಎದ್ದು ನಿಂತು ಹೇಳಿದೆ. ನಮ್ಮಲ್ಲಿ ಖಾರವೂ ಒಂದು ರುಚಿ, ನೂರಾರು ತಲೆಮಾರುಗಳ ಲೆಕ್ಕ ಅದು, ಆದ್ದರಿಂದ ಮಾತಿನ ಪ್ರಕಾರ ಆಂಟಿ ಗೆದ್ದಿದ್ದಾರೆ ಎಂದೆ. ಡೆವನ್ ನಗಲಿಲ್ಲ. ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡ. ಆಮೇಲೆ, ಉರಿ ಗೊತ್ತಾಗುವುದು ತಾಗಿದ ಮೇಲೆ, ಗ್ಯಾಸ್ ಸೋರಿದರೆ ನನ್ನ ತಾಯಿಗೆ ತಾಗುವ ಮೊದಲೇ ಗೊತ್ತಾಗಬೇಕಲ್ಲ ಎಂದ. ನಾನು ಮತ್ತೆ ಕೂತೆ. ಅಮ್ಮ ಇನ್ನೂ ಏನೋ ಹೇಳಲು ಹೊರಟಳು. ಐವಿ ಆಂಟಿ ಕಣ್ಣೊರೆಸಿಕೊಳ್ಳದೆ ಅವಳ ಕೈ ಮೇಲೆ ಕೈಯಿಟ್ಟರು.

"ಸಾಕು," ಎಂದರು.

ಅವರ ಪೆಟ್ಟಿಗೆಗಳನ್ನು ಅಪ್ಪನೇ ಡೆವನ್‌ನ ಕಾರಿಗೆ ಎತ್ತಿಟ್ಟ. ಗೋಡೆಯ ಆಚೆಯ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯವರು. ಎರಡು ವರ್ಷದ ಹಿಂದೆ ಆಂಟಿ ತೀರಿಕೊಂಡರು. ಕೊನೆಯವರೆಗೂ ಫೋನಿನಲ್ಲಿ ಅವರು ಕೇಳುತ್ತಿದ್ದದ್ದು, ಇವತ್ತು ಏನು ತಿಂದೆ, ಹೇಗಿತ್ತು ಎಂದು.

ಐವಿ ಆಂಟಿಯನ್ನು ಮಗನ ಜೊತೆ ಬಿಟ್ಟ ಆ ರಾತ್ರಿ ನಾವು ಅಟ್ಲಾಂಟಾದ ಹತ್ತಿರದ ಆಲ್ಫರೆಟಾದಲ್ಲಿ ಅಪ್ಪನ ಸ್ನೇಹಿತರ ಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಆ ಮನೆಯವರು ತಟ್ಟೆಗೆ ಬಿಸಿ ಉಪ್ಪಿಟ್ಟು ಹಾಕಿಕೊಟ್ಟರು. ನಾನು ಎಡಗೈಯಿಂದ ಮೂಗು ಒತ್ತಿ ಹಿಡಿದು ತಿನ್ನತೊಡಗಿದೆ. ಒಗ್ಗರಣೆ ಹೋಯಿತು, ಕರಿಬೇವು ಹೋಯಿತು, ತುಪ್ಪ ಹೋಯಿತು. ಅಮ್ಮ ನನ್ನ ಕಡೆ ನೀರಿನ ಲೋಟ ಸರಿಸಿದಳು. ನಾನು ಇನ್ನಷ್ಟು ಬಿಗಿಯಾಗಿ ಒತ್ತಿದೆ. ಎಷ್ಟು ಒತ್ತಿದರೂ ಉಪ್ಪು ಮಾತ್ರ ಗೊತ್ತಾಗುತ್ತಲೇ ಇತ್ತು.