ಸಕ್ಕರೆ ಕಾಯಿಲೆ ಮುಚ್ಚಿಟ್ಟದ್ದು

ಮಸ್ಕತ್‌ನಲ್ಲಿರುವ ಕಿರಿಯ ಮಗಳಿಗೆ ಹೆಣ್ಣು ಮಗುವಾಯಿತು. ನೋಡಲು ಹೊರಡುವ ಮೊದಲು ವೈದ್ಯಕೀಯ ವಿಮೆ ಬೇಕೆಂದು, ಕೊಚ್ಚಿಯಲ್ಲಿರುವ ಹಿರಿಯ ಮಗಳ ಮಗಳು ನನ್ನನ್ನು ಪಾಲಾರಿವಟ್ಟಂನ ಕಚೇರಿಯೊಂದಕ್ಕೆ ಕರೆದೊಯ್ದಳು. ಅರ್ಜಿ ತುಂಬುತ್ತಿದ್ದ ಹೆಂಗಸು, ಕಾಯಿಲೆ ಏನಾದರೂ ಇದೆಯೇ ಎಂದು ಮಲಯಾಳದಲ್ಲಿ ಕೇಳಿದರು.

"ಏನೂ ಇಲ್ಲ ಅಂತ ಹೇಳೇ. ಗುಂಡುಕಲ್ಲಿನ ಹಾಗಿದೀನಿ," ಎಂದೆ ಮೊಮ್ಮಗಳಿಗೆ.

ನಮ್ಮ ಕಡೆ ಹೆಣ್ಣು ನೋಡಲು ಬಂದವರ ಮುಂದೆ ಕಾಯಿಲೆಯ ಮಾತೆತ್ತುವುದಿಲ್ಲ. ಇದೂ ಹಾಗೆಯೇ, ಹೇಳಿದರೆ ವಿಮಾನ ಹತ್ತಲು ಬಿಡುವುದಿಲ್ಲ ಎಂದುಕೊಂಡಿದ್ದೆ.

ಮೊಮ್ಮಗಳು ನನ್ನ ಚೀಲದಿಂದ ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಅಜ್ಜೀ, ನುಣ ಪರಯಲ್ಲೇ," ಎಂದು, ಸುಳ್ಳು ಹೇಳಬೇಡವೆಂದು ಮಲಯಾಳದಲ್ಲೇ ಗದರಿದಳು.

ಆ ಹೆಂಗಸು ನಕ್ಕರು. ಮುಚ್ಚಿಟ್ಟರೆ ಅಲ್ಲಿ ಆಸ್ಪತ್ರೆ ಸೇರಿದಾಗ ವಿಮೆ ಕೈಕೊಡುತ್ತದಂತೆ. ಹೇಳಿದರೆ ಸಕ್ಕರೆ ಕಾಯಿಲೆಯೂ ಸೇರಿದ ಪಾಲಿಸಿ ಇದೆಯಂತೆ, ಹೋಗಲು ಅಡ್ಡಿಯೇ ಇಲ್ಲವಂತೆ!

ಅದೇ ಇರಲಿ ಎಂದೆ. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಮಂಡಿ ನೋವು, ಕೀಳಿಸಿದ ಹಲ್ಲು, ಎಲ್ಲ ಹೇಳಿದೆ. ಕೊನೆಗೆ ಮಗು ಮೂರು ಕಿಲೋ ಇದೆ ಎಂದೂ ಹೇಳಿದೆ. ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ.