ಗಾಳೆಪ್ಪ ಬಚ್ಚಿಟ್ಟ ಬ್ಯಾಡ್ಜು

ನನ್ನ ಹೆಂಡತಿಯ ಅಣ್ಣ ಗಾಳೆಪ್ಪ ನನ್ನ ಮಗಳು ಸಮತಾಳನ್ನು ಹುಟ್ಟಿದಂದಿನಿಂದ ಮುಟ್ಟಿರಲಿಲ್ಲ. ಹಡಗಲಿಯಿಂದ ಕೂಡ್ಲಿಗಿಯ ನಮ್ಮ ಮನೆಗೆ ಬಂದರೆ ಕೈಕಾಲು ಮೂರು ಸಲ ತೊಳೆದು, ತಂದ ಮಲ್ಲಿಗೆಯನ್ನು ಕಟ್ಟೆಯ ಮೇಲಿಟ್ಟು, ಮಾರು ದೂರ ಸರಿದು ಕೂರುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಸ್ ಡಿಪೋದ ಮೆಕ್ಯಾನಿಕ್ ನಾನು, ಗ್ರೀಸು ಮೆತ್ತಿದ ಕೈಯಲ್ಲೇ ಮಗಳನ್ನೆತ್ತಿ ಬೈಸಿಕೊಳ್ಳುವವನು.

ತನ್ನಿಂದ ಮಗುವಿಗೆ ಏನಾದರೂ ತಾಗೀತೆಂಬ ಅವನ ಭಯಕ್ಕೆ ಕಾರಣವಿತ್ತು. ೧೯೯೧ರಲ್ಲಿ, ಇಪ್ಪತ್ತಾರರ ಹುಡುಗನಾಗಿದ್ದಾಗ, ದೂರದ ಅಣುವಿದ್ಯುತ್ ಸ್ಥಾವರವೊಂದಕ್ಕೆ ಗುತ್ತಿಗೆ ಕೂಲಿಗೆ ಹೋಗಿದ್ದ. ಅಲ್ಲಿ ಪೈಪು ಒಡೆದು ವಿಕಿರಣದ ನೀರು ನೆಲಕ್ಕೆ ಹರಿಯಿತು. ಬಕೀಟು, ಬಟ್ಟೆ ಕೊಟ್ಟು ಒರೆಸಲು ಬಿಟ್ಟವರಲ್ಲಿ ಇವನೂ ಒಬ್ಬ. ಮೈಗೆ ತಾಗಿದ ವಿಕಿರಣ ಬಹಳ ಕಮ್ಮಿ ಎಂದು ಕಾಗದ ಬರೆದುಕೊಟ್ಟು ಕಳಿಸಿದರು. ಊರಿಗೆ ಬಂದವನು ಹೂವಿನ ತೋಟ ಹಿಡಿದ. ಮದುವೆ ಮಾತ್ರ ಬೇಡವೆಂದ. ತಾಯಿ ಮಾರೆಮ್ಮ ಹೆಣ್ಣು ತೋರಿಸಿ ತೋರಿಸಿ ಸುಸ್ತಾದಳು.

ಸಮತಾಳ ಜವಳ ಬಂದಾಗ ಎಲ್ಲ ಕಗ್ಗಂಟಾಯಿತು. ಮಗುವಿನ ಮೊದಲ ಕೂದಲು ತೆಗೆಯುವಾಗ ಸೋದರಮಾವನ ತೊಡೆಯ ಮೇಲೇ ಕೂರಿಸಬೇಕು. ಒಂದನೇ ವರ್ಷ ತಪ್ಪಿಸಿಕೊಂಡ. ಎರಡರಲ್ಲಿ ಮಾಡುವಂತಿಲ್ಲ. ಮೂರನೆಯದೂ ಮುಗಿಯುತ್ತ ಬಂತು. ಬೇರೆ ಯಾರನ್ನಾದರೂ ಕೂರಿಸೋಣವೆಂದರೆ ನನ್ನ ಹೆಂಡತಿ ಬೊಮ್ಮಮ್ಮ ಕೆರಳಿದಳು. "ನಮ್ಮಣ್ಣ ಗಟ್ಟಿಯಾಗಿ ಅದಾನ. ಅವನ ತೊಡಿ ಬಿಟ್ಟು ನನ್ನ ಮಗಳು ಇನ್ಯಾರ ತೊಡಿಮ್ಯಾಗೂ ಕುಂದ್ರಂಗಿಲ್ಲ!"

ನಾನು ಹೋಗಿ ಕೇಳಿದೆ. "ಭಾವ, ಕೂಸಿನ ತಲಿ ಜಡೆಗಟ್ಟೈತಿ. ಹೂಂ ಅನ್ರಿ."

"ಬ್ಯಾಡ. ನನ್ನ ಮೈಯಾಗ ಅದು ಇನ್ನೂ ಐತಿ."

"ಕಾಗದದಾಗ ಕಮ್ಮಿ ಅಂತ ಬರದಾರಲ್ಲ!"

"ಕಾಗದಕ್ಕೇನು ಗೊತ್ತು" ಎಂದು ಹೂಬುಟ್ಟಿ ಎತ್ತಿಕೊಂಡು ಹೋದ. ಆ ಬುಟ್ಟಿಯಲ್ಲಿ ಮೊಗ್ಗಿನ ಜೊತೆ ಎಲೆ, ಬಾಡಿದ ಹೂವು ಎಲ್ಲ ಇದ್ದವು. ಮೂವತ್ತೊಂಬತ್ತಕ್ಕೇ ಅವನ ಕಣ್ಣು ಮಂಜಾಗಿತ್ತು. ಕೂಗಾಡಿ, ಬಸ್ಸು ಹತ್ತಿಸಿ, ಬಳ್ಳಾರಿಗೆ ಕರೆದೊಯ್ದೆ.

ಕಣ್ಣಿನ ಡಾಕ್ಟರು ಅರ್ಚನಾ ಮೇಡಂ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಇಷ್ಟು ಚಿಕ್ಕ ವಯಸ್ಸಿಗೆ ಹೇಗೆ ಬಂತೆಂದು ಕೇಳುತ್ತ ಸ್ಥಾವರದ ಕಾಗದ ಓದಿದರು. "ಎದೆಗೆ ಹಾಕೋ ಬ್ಯಾಡ್ಜು ವಿಕಿರಣ ಅಳೆಯುತ್ತಲ್ಲ, ಅದನ್ನ ದಿನಾ ಹಾಕಿದ್ರಾ?"

ಗಾಳೆಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ನಾಕು ದಿನ ಹಾಕಿದ್ದೆ ರೀ ಅಮ್ಮಾ. ಆಮ್ಯಾಲ ಹೊರಗ ಬುತ್ತಿ ಡಬ್ಬ್ಯಾಗ ಬಚ್ಚಿಟ್ಟು ಒಳಗ ಹೋಗ್ತಿದ್ದೆ. ಅದರಾಗ ಜಾಸ್ತಿ ಬಂದ್ರ ಕೆಲಸ ಬಿಡಿಸಿ ಕಳಸ್ತಿದ್ರು. ಬೊಮ್ಮಿ ಟೀಚರ್ ಟ್ರೇನಿಂಗ್ ಓದಾಕತ್ತಿದ್ಲು, ಫೀಸು ಕಟ್ಟಬೇಕಿತ್ತು. ಇನ್ನೂ ಹದಿನೈದು ದಿನ ಒರಸೀನಿ."

ಹದಿಮೂರು ವರ್ಷ ಇದನ್ನು ಒಬ್ಬನೇ ನುಂಗಿಕೊಂಡಿದ್ದ. ಕಾಗದ ಸುಳ್ಳೆಂದು ಅವನೊಬ್ಬನಿಗೇ ಗೊತ್ತಿದ್ದ ಮೇಲೆ ಯಾವ ಡಾಕ್ಟರ ಮಾತನ್ನು ತಾನೇ ನಂಬಿಯಾನು? ನಾನೋ, ಹುಚ್ಚನೆಂದು ಬೈದುಕೊಂಡು ತಿರುಗಿದ್ದೆ.

ಡಾಕ್ಟರು ಮೊದಲು ಚೆನ್ನಾಗಿ ಗದರಿದರು. ಆಮೇಲೆ ಮೆತ್ತಗೆ ಹೇಳಿದರು: "ಹೊರಗಿಂದ ಬಿದ್ದದ್ದು ಮೈ ದಾಟಿ ಹೋಗಿದೆ. ಒಳಗೆ ಸೇರಿದ ನೀರು ಆಗಲೇ ಮೂತ್ರದಲ್ಲಿ ಹೋಗಿರುತ್ತೆ. ನಿಮ್ಮಿಂದ ಯಾರಿಗೂ ಏನೂ ತಾಗಲ್ಲ. ಕೇಡಾಗಿದ್ದರೆ ನಿಮಗೆ. ಪೊರೆ ಅದರಿಂದಲೇ ಬಂದಿರಬಹುದು, ಖಚಿತವಾಗಿ ಹೇಳಲಾರೆ. ಮುಂದೆ ಬೇರೆ ಕಾಯಿಲೆನೂ ಬರಬಹುದು. ವರ್ಷಕ್ಕೊಮ್ಮೆ ರಕ್ತ, ಗಂಟಲು ತೋರಿಸ್ಲೇಬೇಕು."

"ಕೂಸಿನ್ನ ಎತ್ಕೋಬಹುದ್ರೀ?"

"ಧಾರಾಳವಾಗಿ."

ಎಲ್ಲ ಬಿಚ್ಚಿ ಹೇಳಿಯಾಗಿತ್ತಲ್ಲ, ಈ ಸಲ ನಂಬಿದ. ತಿಂಗಳೊಪ್ಪತ್ತಿನಲ್ಲಿ ಎರಡೂ ಕಣ್ಣಿನ ಆಪರೇಷನ್ ಆಯಿತು.

ಜವಳದ ದಿನ ಗಾಳೆಪ್ಪ ಅಭ್ಯಾಸಬಲದಿಂದ ಮೂರು ಸಲ ಕೈ ತೊಳೆದೇ ಮಣೆಯ ಮೇಲೆ ಕೂತ. ಬೊಮ್ಮಮ್ಮ ಮಗಳನ್ನು ಅವನ ತೊಡೆಗಿಟ್ಟಳು. ಅವನು ಮೊದಲು ಎರಡೂ ಕೈ ಗಾಳಿಯಲ್ಲೇ ಹಿಡಿದ. ಆಮೇಲೆ ಎಷ್ಟು ಬಿಗಿಯಾಗಿ ತಬ್ಬಿಕೊಂಡನೆಂದರೆ, ಕ್ಷೌರದ ಸುಂಕಪ್ಪ, "ಸ್ವಲ್ಪ ಸಡಲ ಬಿಡ್ರಿ, ಕತ್ರಿ ಆಡಾಕ ಜಾಗ ಬೇಕಲ್ಲ!" ಎಂದು ನಗಾಡಿದ.

ಮೊದಲ ಕೂದಲು ಉದುರಿತು. ಸಮತಾ ಅಳಲಿಲ್ಲ. ತಲೆ ಹಿಂದಕ್ಕೆ ತಿರುಗಿಸಿ ಸೋದರಮಾವನ ಒದ್ದೆ ಮುಖವನ್ನೇ ನೋಡಿದಳು.

"ಮಾಮಾ, ನೀ ಯಾಕ ಅಳ್ತಿ? ಕೂದ್ಲ ನಂದು!"